ತಣ್ಣಗಾದ ಪಾದ: ಬಿಸಿ ಕೊಡುವ ಮುಂಚೆ ಮುಟ್ಟಿ ನೋಡಿ

"ಕಾಲು ಕೊರೀತಿದೆ, ಎಷ್ಟು ಹೊದ್ದರೂ ಬೆಚ್ಚಗಾಗ್ತಿಲ್ಲ" ಎಂದು ಮನೆಯಲ್ಲಿ ಅಜ್ಜಿಯೋ ಅಪ್ಪನೋ ಹೇಳಿದರೆ ಒಲೆಯ ಮೇಲೆ ನೀರಿಡುತ್ತೇವೆ, ಇಲ್ಲವೇ ಎಣ್ಣೆ ಹಚ್ಚಿ ತಿಕ್ಕುತ್ತೇವೆ. ಇವೆರಡಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಅರ್ಧ ನಿಮಿಷ ಸಾಕು. ನಿಮ್ಮ ಕೈಯ ಹಿಂಭಾಗವನ್ನು ಅವರ ಮೊಣಕಾಲಿನ ಕೆಳಗಿಟ್ಟು ಬೆರಳ ತುದಿಯವರೆಗೆ ನಿಧಾನವಾಗಿ ಇಳಿಸಿಕೊಂಡು ಬನ್ನಿ. ಇನ್ನೊಂದು ಕಾಲಿಗೂ ಹಾಗೇ ಮಾಡಿ. ಅಂಗೈಯ ಚರ್ಮ ದಪ್ಪ; ಬಿಸಿ ತಂಪಿನ ಸಣ್ಣ ವ್ಯತ್ಯಾಸ ಕೈಯ ಹಿಂಭಾಗಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಅವರಿಗೂ ತಣ್ಣಗೆ, ನಿಮ್ಮ ಕೈಗೂ ತಣ್ಣಗೆ, ಎರಡೂ ಕಾಲು ಒಂದೇ ಸಮ ಇದ್ದರೆ ಅದು ಬಹುಮಟ್ಟಿಗೆ ಚಳಿಗೆ ದೇಹ ಕೊಡುತ್ತಿರುವ ಉತ್ತರ. ಒಂದು ಕಾಲು ಇನ್ನೊಂದಕ್ಕಿಂತ ಸ್ಪಷ್ಟವಾಗಿ ತಣ್ಣಗಿದ್ದರೆ ಆ ಕಾಲಿನ ಧಮನಿಯ, ಅಂದರೆ ಹೃದಯದಿಂದ ರಕ್ತ ತರುವ ನಾಳದ ಮೇಲೆ ಅನುಮಾನ ಪಡಬೇಕು. ಅವರಿಗೆ ತಣ್ಣಗೆ ಅನ್ನಿಸುತ್ತಿದೆ, ಆದರೆ ನಿಮ್ಮ ಕೈಗೆ ಪಾದ ಬೆಚ್ಚಗೇ ಇದೆ ಎಂದಾದರೆ ತೊಂದರೆ ಇರುವುದು ನರದಲ್ಲಿ. ನಾಲ್ಕನೆಯದೊಂದಿದೆ: ನಿಮ್ಮ ಕೈಗೆ ಪಾದ ಕಲ್ಲಿನಂತೆ ತಣ್ಣಗಿದೆ, ಅವರು ಮಾತ್ರ "ನನಗೇನೂ ಆಗ್ತಿಲ್ಲ" ಅನ್ನುತ್ತಾರೆ. ಇದು ಎಲ್ಲಕ್ಕಿಂತ ಅಪಾಯದ ಪಾದ, ಏಕೆಂದರೆ ಅಲ್ಲಿ ರಕ್ತವೂ ಕಡಿಮೆಯಾಗಿದೆ, ಅದನ್ನು ಹೇಳಬೇಕಾದ ನರವೂ ಸುಮ್ಮನಾಗಿದೆ.

ಈ ನಾಲ್ಕಕ್ಕೂ ನಮ್ಮಲ್ಲಿ ಬಳಕೆಯಲ್ಲಿರುವ ಮಾತು ಒಂದೇ, "ರಕ್ತಸಂಚಾರ ಸರಿಯಿಲ್ಲ". ಹೆಸರು ಒಂದೇ ಆದ್ದರಿಂದ ಮದ್ದೂ ಒಂದೇ ಎಂದುಕೊಳ್ಳುತ್ತೇವೆ. ಮೊದಲನೆಯವರಿಗೆ ಹಿತವಾಗುವ ಬಿಸಿನೀರು ನಾಲ್ಕನೆಯವರ ಬೆರಳನ್ನೇ ತೆಗೆಸಬಹುದು.

ಚಳಿಯಲ್ಲಿ ದೇಹ ಏನು ಮಾಡುತ್ತದೆ

ಹೃದಯ, ಮಿದುಳು, ಯಕೃತ್ತು ಇರುವ ಒಳಮೈ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ಅದು 35ಕ್ಕಿಂತ ಕೆಳಗಿಳಿದರೆ ತುರ್ತು ಸ್ಥಿತಿ. ಪಾದಕ್ಕೆ ಆ ಕಟ್ಟುಪಾಡಿಲ್ಲ. ಅದರ ಚರ್ಮ 20 ಡಿಗ್ರಿಗೆ ಇಳಿದರೂ ಆರೋಗ್ಯವಂತರಿಗೆ ಹಾನಿಯಾಗುವುದಿಲ್ಲ. ಹಾಗಾಗಿ ಚಳಿ ತಾಗಿದ ಕೂಡಲೇ ದೇಹ ಮೊದಲು ಉಳಿತಾಯ ಮಾಡುವುದು ಕೈಕಾಲುಗಳಲ್ಲಿ. ಪಾದದಲ್ಲಿ ಇರುವುದು ಬಹುಪಾಲು ಮೂಳೆ, ಸ್ನಾಯುರಜ್ಜು, ಚರ್ಮ. ಶಾಖ ಹುಟ್ಟಿಸುವ ಮಾಂಸಖಂಡ ಅಲ್ಲಿ ಕಡಿಮೆ. ಪಾದದ ಬಿಸಿಯೆಲ್ಲ ಮೇಲಿನಿಂದ ರಕ್ತ ಹೊತ್ತು ತಂದದ್ದು. ರಕ್ತ ಕಡಿಮೆ ಬಂದರೆ ಬಿಸಿಯೂ ಕಡಿಮೆ.

ಅಂಗಾಲು, ಕಾಲ್ಬೆರಳು, ಅಂಗೈ, ಕಿವಿ, ಮೂಗಿನ ತುದಿ, ಈ ಜಾಗಗಳ ಚರ್ಮದಲ್ಲಿ ಒಂದು ವಿಶೇಷ ಏರ್ಪಾಡಿದೆ. ಬೇರೆ ಕಡೆ ರಕ್ತ ಸಣ್ಣ ಧಮನಿಯಿಂದ ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ದಾಟಿ ಸಿರೆಗೆ, ಅಂದರೆ ಹೃದಯಕ್ಕೆ ಮರಳಿಸುವ ನಾಳಕ್ಕೆ ಹೋಗುತ್ತದೆ. ಇಲ್ಲಿ ಅದರ ಜೊತೆಗೆ ಧಮನಿಯಿಂದ ನೇರ ಸಿರೆಗೆ ಹಾಯುವ ಅಡ್ಡದಾರಿಗಳೂ ಇವೆ. ಮೈ ಬಿಸಿಯಾದಾಗ ಇವು ತೆರೆದುಕೊಂಡು ರಕ್ತವನ್ನು ಚರ್ಮದ ಹತ್ತಿರ ಧಾರಾಳವಾಗಿ ಹರಿಸಿ ಶಾಖವನ್ನು ಹೊರಗೆ ಬಿಡುತ್ತವೆ. ಚಳಿಯಾದಾಗ ನರಗಳ ಆದೇಶದಂತೆ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ನಾಳ ಸ್ವಲ್ಪವೇ ಕಿರಿದಾದರೂ ಪರಿಣಾಮ ದೊಡ್ಡದು. ಒಳವ್ಯಾಸ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ನಿಮಿಷದ ಹಿಂದೆ ಬೆಚ್ಚಗಿದ್ದ ಪಾದ ಇಷ್ಟು ಬೇಗ ತಣ್ಣಗಾಗಿದ್ದು ಹೇಗೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಇನ್ನೊಂದು ಏರ್ಪಾಡು ಕಾಲಿನ ಒಳಗಿದೆ. ಕೆಳಗಿಳಿಯುವ ಧಮನಿಗೆ ಅಂಟಿಕೊಂಡಂತೆ ಮೇಲೇರುವ ಸಿರೆಗಳಿವೆ. ಚಳಿಯಲ್ಲಿ ರಕ್ತ ಚರ್ಮದಡಿಯ ಸಿರೆಗಳನ್ನು ಬಿಟ್ಟು ಈ ಒಳದಾರಿಯಲ್ಲಿ ಮರಳುತ್ತದೆ. ಪಾದದಿಂದ ಬರುವ ತಣ್ಣನೆಯ ರಕ್ತ ಪಕ್ಕದ ಧಮನಿಯ ಬಿಸಿಯನ್ನು ಎಳೆದುಕೊಂಡು ಮೇಲೆ ಹೋಗುತ್ತದೆ. ಧಮನಿಯ ರಕ್ತ ಕಣಕಾಲಿಗೆ ಬರುವಷ್ಟರಲ್ಲಿ ಅರ್ಧ ಆರಿರುತ್ತದೆ. ಮೀನಖಂಡದ ಮೇಲೆ ಹೊದಿಕೆ ಇಲ್ಲದಿದ್ದರೆ ದಾರಿಯಲ್ಲಿ ಇನ್ನಷ್ಟು ಬಿಸಿ ಸೋರುತ್ತದೆ. ಪಂಚೆ ಉಟ್ಟ ಹಿರಿಯರು ಪಾದಕ್ಕೆ ಮಾತ್ರ ದಪ್ಪ ಸಾಕ್ಸ್ ಹಾಕಿಕೊಂಡು "ಏನೂ ಪ್ರಯೋಜನವಿಲ್ಲ" ಅನ್ನುವುದಕ್ಕೆ ಇದೂ ಒಂದು ಕಾರಣ.

ಪಾದ ಪೂರ್ತಿ ಅನಾಥವಾಗುವುದೂ ಇಲ್ಲ. ತೀರಾ ತಣ್ಣನೆಯ ನೀರಲ್ಲಿ ಬೆರಳಿಟ್ಟರೆ ಐದು ಹತ್ತು ನಿಮಿಷದ ನಂತರ ಮುಚ್ಚಿದ ನಾಳಗಳು ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚುತ್ತವೆ, ಹೀಗೆ ಸರದಿಯಲ್ಲಿ ನಡೆಯುತ್ತದೆ. ಇದನ್ನು 1930ರಲ್ಲಿ ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ ವಿವರಿಸಿದರು. ತಣ್ಣೀರಿನಲ್ಲಿ ನಿಂತು ಬಟ್ಟೆ ಒಗೆಯುವವರ ಕಾಲು ಬಿಳಿಚಿಕೊಂಡು ಆಮೇಲೆ ಕೆಂಪೇರುವುದು ಹೀಗೆ. ಜೊತೆಗೆ, ತಣ್ಣಗಿರುವ ಅಂಗಾಂಶಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆ. ಆದ್ದರಿಂದ ಆರೋಗ್ಯವಂತರ ತಣ್ಣನೆಯ ಪಾದ ಹಸಿದ ಪಾದವಲ್ಲ.

ಆರೋಗ್ಯವಂತರ ಪಾದ ಬೆಚ್ಚಗಾಗುವುದು ಮೇಲಿನಿಂದ

ಮುಚ್ಚಿಕೊಂಡ ನಾಳಗಳನ್ನು ತೆರೆಯುವ ಆದೇಶ ಮಿದುಳಿನಿಂದ ಬರಬೇಕು. ಒಳಮೈ ಬೆಚ್ಚಗಿದೆ ಎಂದು ಖಾತ್ರಿಯಾಗುವವರೆಗೆ ಮಿದುಳು ಆ ಆದೇಶ ಕೊಡುವುದಿಲ್ಲ. ಆದ್ದರಿಂದ ಮೊದಲು ಎದೆ, ಹೊಟ್ಟೆ, ತಲೆ ಮುಚ್ಚಿ. ಸ್ವೆಟರ್, ಟೊಪ್ಪಿ, ಅದರ ಮೇಲೆ ಶಾಲು. ಆಮೇಲೆ ತೊಡೆಯಿಂದ ಕಣಕಾಲಿನವರೆಗೆ ಪಂಚೆ ಅಥವಾ ಸೀರೆಯ ಒಳಗೆ ಮೈಗಂಟುವ ಥರ್ಮಲ್ ಪೈಜಾಮ. ಸಾಕ್ಸ್ ಕೊನೆಗೆ. ಸಾಕ್ಸ್ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ, ಅಷ್ಟೆ. ಈಗಾಗಲೇ ತಣ್ಣಗಾದ ಪಾದಕ್ಕೆ ಸಾಕ್ಸ್ ಹಾಕಿದರೆ ಹಿಡಿದಿಡುವುದು ತಂಪನ್ನೇ. ಪಾದ ಬೆಚ್ಚಗಿರುವಾಗ, ಅಂದರೆ ಸ್ನಾನ ಮುಗಿಸಿ ಒರೆಸಿಕೊಂಡ ಕೂಡಲೇ ಅಥವಾ ಸಂಜೆ ಚಳಿ ಇಳಿಯುವ ಮುಂಚೆ ಹಾಕಿಕೊಳ್ಳಬೇಕು.

ನಮ್ಮ ಮನೆಗಳ ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ವಿಷಯ ಮಾತಾಡುವಂತಿಲ್ಲ. ಗ್ರಾನೈಟ್ ಶಾಖವನ್ನು ಮರಕ್ಕಿಂತ ಹತ್ತು ಪಟ್ಟಿಗೂ ವೇಗವಾಗಿ ಸಾಗಿಸುತ್ತದೆ. ಕಡಪ ಕಲ್ಲು, ಟೈಲ್ಸ್, ರೆಡ್ ಆಕ್ಸೈಡ್ ನೆಲವೂ ಮರಕ್ಕಿಂತ ಬಹಳ ಬೇಗ ಬಿಸಿ ಎಳೆಯುತ್ತವೆ. ಕೋಣೆಯಲ್ಲಿರುವ ಮಣೆ ಮತ್ತು ನೆಲ ಎರಡರ ಉಷ್ಣತೆಯೂ ಒಂದೇ ಆಗಿದ್ದರೂ ಪಾದಕ್ಕೆ ನೆಲ ತಣ್ಣಗೆ, ಮಣೆ ಹಿತ ಅನ್ನಿಸುವುದು ಇದರಿಂದಲೇ. ಬೆಳಿಗ್ಗೆ ದೇವರ ಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವವರು ಮಣೆ ಅಥವಾ ದಪ್ಪ ಚಾಪೆಯ ಮೇಲೆ ನಿಲ್ಲಲಿ. ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ ಮನೆಯೊಳಗಿನ ಚಪ್ಪಲಿ ಬೇಕೇ ಬೇಕು. ಮಂಚದ ಪಕ್ಕ ಒಂದು ಕಂಬಳಿಯ ತುಂಡು ಹಾಸಿ, ಆದರೆ ರಾತ್ರಿ ಎದ್ದಾಗ ಜಾರದಂತೆ ಅದರಡಿ ರಬ್ಬರ್ ಹಾಳೆ ಇರಲಿ.

ಸಾಕ್ಸ್ ವಿಷಯದಲ್ಲಿ ಆಗುವ ದೊಡ್ಡ ತಪ್ಪು ಒಂದರ ಮೇಲೊಂದು ಹಾಕಿ ಅದೇ ಶೂಗೆ ಕಾಲು ತುರುಕುವುದು. ಬೆಚ್ಚಗಿಡುವುದು ನೂಲಿನ ನಡುವೆ ನಿಂತ ಗಾಳಿ. ಅದನ್ನು ಹಿಂಡಿ ತೆಗೆದರೆ ಉಣ್ಣೆಗೂ ಬೆಲೆಯಿಲ್ಲ, ಮೇಲಾಗಿ ಬೆರಳುಗಳ ಸಣ್ಣ ನಾಳಗಳೂ ಒತ್ತಿಹೋಗುತ್ತವೆ. ಅತಿ ಉದ್ದದ ಬೆರಳಿನ ಮುಂದೆ ಶೂ ಒಳಗೆ ಒಂದು ಸೆಂಟಿಮೀಟರಿನಷ್ಟಾದರೂ ಖಾಲಿ ಜಾಗ ಇರಬೇಕು. ಶೂ ಕೊಳ್ಳಲು ಸಂಜೆ ಹೋಗಿ, ಹಾಕಿಕೊಳ್ಳಲಿರುವ ಸಾಕ್ಸನ್ನೇ ಹಾಕಿಕೊಂಡು ಹೋಗಿ, ಏಕೆಂದರೆ ದಿನದ ಕೊನೆಗೆ ಪಾದ ತುಸು ಊದಿರುತ್ತದೆ. ಸಾಕ್ಸ್ ಬಿಚ್ಚಿದಾಗ ಕಣಕಾಲಿನ ಮೇಲೆ ಆಳವಾದ ಗೆರೆ ಉಳಿದಿದ್ದರೆ ಅದರ ಎಲಾಸ್ಟಿಕ್ ಬಿಗಿ ಎಂದರ್ಥ. ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನೀರು ನಿಂತ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಪಾದಕ್ಕೆ ಒದ್ದೆ ಅನ್ನಿಸದು. ಉಣ್ಣೆ ಇಲ್ಲದಿದ್ದರೆ ಮಧ್ಯಾಹ್ನವೊಮ್ಮೆ ಒಣಗಿದ ಸಾಕ್ಸ್ ಬದಲಾಯಿಸಿದರೂ ಸಾಕು.

ಕುಳಿತೇ ಕೆಲಸ ಮಾಡುವವರು ಗಂಟೆಗೊಮ್ಮೆ ಎದ್ದು ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, 20ರಿಂದ 30 ಸಲ. ಮೀನಖಂಡ ಹಿಂಡಿದಾಗಲೆಲ್ಲ ಸಿರೆಯ ರಕ್ತ ಮೇಲೇರುತ್ತದೆ, ಮಾಂಸಖಂಡ ಶಾಖವನ್ನೂ ಹುಟ್ಟಿಸುತ್ತದೆ. ಮಲಗುವ ಮುಂಚೆ ಪಾದ ಬೆಚ್ಚಗಾದವರಿಗೆ ನಿದ್ದೆಯೂ ಬೇಗ ಹತ್ತುತ್ತದೆ.

ಬಿಸಿನೀರಲ್ಲಿ ಕಾಲಿಡುವುದಾದರೆ 37ರಿಂದ 39 ಡಿಗ್ರಿ ಸಾಕು. ಅಳತೆ ಹೀಗೆ: ಬಕೆಟ್‌ಗೆ ಮೊದಲು ಮೂರೂವರೆ ಲೀಟರ್ ತಣ್ಣೀರು ಹಾಕಿ, ಆಮೇಲೆ ಒಂದು ಲೀಟರ್ ಕುದಿಯುವ ನೀರು ಸುರಿದು ಕಲಕಿ. ನಲ್ಲಿ ನೀರು 20 ಡಿಗ್ರಿ ಇದ್ದರೆ ಮಿಶ್ರಣ 37ರಿಂದ 38 ಡಿಗ್ರಿಗೆ ಬರುತ್ತದೆ. ಬಿಸಿನೀರು ಮೊದಲು ಸುರಿದು ಆಮೇಲೆ ತಣ್ಣೀರು ಬೆರೆಸುವ ರೂಢಿ ಬಿಡಿ. ಬೆರೆಸುವುದು ಮರೆತರೆ ಅಪಾಯ. ಕೂಸಿನ ಸ್ನಾನಕ್ಕೆ ನೋಡುವಂತೆ ಮೊಣಕೈ ಅದ್ದಿ ನೋಡಿ. ಹತ್ತು ಹದಿನೈದು ನಿಮಿಷ ಸಾಕು. ಬೆರಳ ಸಂದುಗಳನ್ನು ಪೂರ್ತಿ ಒರೆಸಿ, ಹಿಮ್ಮಡಿ ಅಂಗಾಲಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಸಂದಿಗೆ ಹಚ್ಚಬೇಡಿ. ಅಲ್ಲಿ ತೇವ ಉಳಿದರೆ ಶಿಲೀಂಧ್ರ ಬೆಳೆಯುತ್ತದೆ.

ಈ ಇಡೀ ಭಾಗ ಮೊದಲನೆಯ ಗುಂಪಿನವರಿಗೆ ಬರೆದದ್ದು. ಶುಗರ್ ಇರುವವರು, ಪಾದದಲ್ಲಿ ಜೋಮು ಇರುವವರು, ಒಂದೇ ಕಾಲು ತಣ್ಣಗಿರುವವರು ಬಿಸಿನೀರಿನ ಮಾತನ್ನು ಇಲ್ಲಿಗೇ ನಿಲ್ಲಿಸಿ ಮುಂದೆ ಓದಬೇಕು.

ಬಣ್ಣ ಬದಲಾಗುವ ಬೆರಳು

ಕೆಲವರಿಗೆ ಚಳಿ ತಾಗಿದಾಗ ಒಂದೆರಡು ಬೆರಳು ಸುಣ್ಣದಂತೆ ಬೆಳ್ಳಗಾಗುತ್ತದೆ, ಆಮೇಲೆ ನೀಲಿಗಟ್ಟುತ್ತದೆ, ಬೆಚ್ಚಗಾಗುವಾಗ ಕೆಂಪೇರಿ ಚುಚ್ಚುತ್ತದೆ. ಬಿಳಿ ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಎದ್ದು ಕಾಣುತ್ತದೆ. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಮಾರಿಸ್ ರೇನೋ ಅವರ ಹೆಸರೇ ಇದಕ್ಕೆ ನಿಂತಿದೆ. ನಾಳದಲ್ಲಿ ಅಡಚಣೆ ಇರುವುದಿಲ್ಲ, ಆದರೆ ಅದು ಚಳಿಗೆ ಮಿತಿಮೀರಿ ಬಿಗಿಯುತ್ತದೆ. ಹೆಂಗಸರಲ್ಲಿ ಹೆಚ್ಚು. ಹದಿಹರೆಯದಲ್ಲೋ ಇಪ್ಪತ್ತರ ಪ್ರಾಯದಲ್ಲೋ ಶುರುವಾಗಿ ಎರಡೂ ಕಡೆ ಸಮನಾಗಿ ಬರುವುದು ಸಾಮಾನ್ಯವಾಗಿ ನಿರಪಾಯ. ನಲವತ್ತರ ಮೇಲೆ ಮೊದಲ ಸಲ ಬಂದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಕೈಯ ಚರ್ಮ ಬಿಗಿಯಾಗುತ್ತ ಬಂದರೆ ಸ್ಕ್ಲೀರೋಡರ್ಮ, ಲೂಪಸ್‌ನಂಥ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು. ಬೆಚ್ಚಗಿಟ್ಟುಕೊಂಡರೂ ಹತೋಟಿಗೆ ಬಾರದಿದ್ದರೆ ವೈದ್ಯರು ನಾಳ ಸಡಿಲಿಸುವ ನಿಫೆಡಿಪಿನ್ ಜಾತಿಯ ಮಾತ್ರೆ ಕೊಡುತ್ತಾರೆ.

ಇದರ ಜೊತೆ ಗೊಂದಲವಾಗುವುದು ಚಿಲ್‌ಬ್ಲೇನ್. ಹಿಮ ಬೀಳಬೇಕೆಂದಿಲ್ಲ, ನೀರು ಹೆಪ್ಪುಗಟ್ಟದ, ತೇವ ತುಂಬಿದ ಚಳಿಯೇ ಸಾಕು. ಚಳಿಯಿಂದ ಬಂದು ಕೆಲವು ಗಂಟೆಗಳ ನಂತರ ಬೆರಳ ಮೇಲೆ ಕೆಂಪು ಅಥವಾ ನೇರಳೆ ಬಣ್ಣದ ಗಂಟು ಎದ್ದು ವಿಪರೀತ ತುರಿಕೆ, ಉರಿ ಶುರುವಾಗುತ್ತದೆ. ಇಂಗ್ಲೆಂಡಿನ ಒದ್ದೆ ಚಳಿಯಲ್ಲಿ ಮೊದಲ ವರ್ಷ ಕಳೆಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಅಲರ್ಜಿ ಅಂದುಕೊಳ್ಳುವುದುಂಟು. ತಣ್ಣಗಾದ ಬೆರಳನ್ನು ನೇರ ಹೀಟರ್ ಮುಂದೆ ಒಡ್ಡುವುದೇ ಇದನ್ನು ಹೆಚ್ಚಿಸುವ ಕೆಲಸ. ಚಳಿಗೆ ಬಿಗಿದ ಸಣ್ಣ ಸಿರೆಗಳು ಇನ್ನೂ ಸಡಿಲಾಗಿಲ್ಲ, ಅಷ್ಟರಲ್ಲಿ ಧಮನಿ ತೆರೆದು ರಕ್ತ ನುಗ್ಗುತ್ತದೆ. ದ್ರವ ಹೊರಗೆ ಸೋರಿ ಊತವಾಗುತ್ತದೆ. ಒರೆಸಿ, ಒಣಗಿದ ಸಾಕ್ಸ್ ಹಾಕಿ, ಕೋಣೆಯ ಬಿಸಿಯಲ್ಲಿ ತಾನಾಗಿ ಬೆಚ್ಚಗಾಗಲು ಬಿಡಿ. ಮತ್ತೆ ಚಳಿಗೆ ಒಡ್ಡದಿದ್ದರೆ ಒಂದರಿಂದ ಮೂರು ವಾರದಲ್ಲಿ ಮಾಯುತ್ತದೆ.

ಧಮನಿಯಲ್ಲೇ ತಡೆ ಇದ್ದರೆ

ಈಗ ಒಂದೇ ಕಾಲು ತಣ್ಣಗಿರುವವರ ವಿಚಾರ. ಹೃದಯದ ನಾಳದಲ್ಲಿ ಕೊಬ್ಬು ಕಟ್ಟುವಂತೆ ಕಾಲಿನ ಧಮನಿಯಲ್ಲೂ ಕಟ್ಟುತ್ತದೆ. ಬೀಡಿ ಸಿಗರೇಟು ಸೇದುವವರು, ಶುಗರ್ ಇರುವವರು, ಬಿ.ಪಿ., ಕೊಲೆಸ್ಟ್ರಾಲ್ ಇರುವವರು, ಅರವತ್ತು ದಾಟಿದವರಲ್ಲಿ ಇದು ಹೆಚ್ಚು. ವೈದ್ಯರ ಚೀಟಿಯಲ್ಲಿ ಪಿಎಡಿ ಎಂದು ಬರೆದಿರುತ್ತದೆ.

ಚಳಿಗಿಂತ ಮೊದಲೇ ಇದು ಸುಳಿವು ಕೊಟ್ಟಿರುತ್ತದೆ. ಇಂತಿಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಹತ್ತು ನಿಮಿಷದೊಳಗೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಬೆನ್ನುಹುರಿಯ ಕಾಲುವೆ ಕಿರಿದಾದವರಿಗೂ ನಡೆದಾಗ ಕಾಲು ನೋಯುತ್ತದೆ, ಆದರೆ ಅವರಿಗೆ ನಿಂತರೆ ಸಾಲದು, ಕುಳಿತು ಅಥವಾ ಮುಂದೆ ಬಾಗಿದರೆ ಹಿತ. ಈ ಒಂದು ಪ್ರಶ್ನೆ ಎಷ್ಟೋ ಗೊಂದಲ ಬಿಡಿಸುತ್ತದೆ. ಕಾಯಿಲೆ ಬಲಿತಾಗ ಮಲಗಿದರೂ ಪಾದ ನೋಯುತ್ತದೆ. ಕಾಲನ್ನು ಮಂಚದಿಂದ ಇಳಿಬಿಟ್ಟರೆ ಕಡಿಮೆಯಾಗುತ್ತದೆ, ಏಕೆಂದರೆ ಭೂಮಿಯ ಸೆಳೆತ ರಕ್ತವನ್ನು ಕೆಳಗೆಳೆಯುತ್ತದೆ. ಉಬ್ಬಿದ ಸಿರೆಗಳ ತೊಂದರೆ ಇರುವವರಿಗೆ ಇದರ ತದ್ವಿರುದ್ಧ, ಅವರಿಗೆ ಕಾಲೆತ್ತಿದರೆ ಹಿತ. ಅಜ್ಜ ರಾತ್ರಿಯಿಡೀ ಕುರ್ಚಿಯಲ್ಲಿ ಕಾಲು ಇಳಿಬಿಟ್ಟೇ ನಿದ್ದೆ ಮಾಡುತ್ತಿದ್ದರೆ ಅದನ್ನು ವಯಸ್ಸಿನ ಅಭ್ಯಾಸವೆಂದು ಬಿಡಬೇಡಿ. ಕಾಲಿನ ಕೂದಲು ಉದುರಿ ಚರ್ಮ ಹೊಳೆಯುವುದು, ಉಗುರು ದಪ್ಪವಾಗುವುದು, ಬೆರಳ ತುದಿಯ ಸಣ್ಣ ಗಾಯ ಎರಡು ವಾರವಾದರೂ ಒಣಗದಿರುವುದು ಇದೇ ಸಾಲಿಗೆ ಸೇರಿದವು.

ಪಾದದ ನಾಡಿ ಮನೆಯಲ್ಲೇ ನೋಡಬಹುದು. ಚಳಿಯಲ್ಲಿ ನಾಡಿ ಸಿಗುವುದು ಕಷ್ಟವಾದ್ದರಿಂದ ಮೊದಲು ಹತ್ತು ನಿಮಿಷ ಹೊದಿಕೆಯಡಿ ಪಾದ ಬೆಚ್ಚಗಾಗಲಿ. ಕಾಲಿನ ಹೆಬ್ಬೆರಳನ್ನು ಮೇಲೆತ್ತಲು ಹೇಳಿ. ಪಾದದ ಮೇಲೆ ಒಂದು ಹುರಿ ಎದ್ದು ಕಾಣುತ್ತದೆ. ಅದರ ಪಕ್ಕದಲ್ಲಿ, ಕಿರುಬೆರಳ ಕಡೆಗೆ, ಪಾದದ ನಡುಮಟ್ಟದಲ್ಲಿ ಎರಡು ಮೂರು ಬೆರಳನ್ನು ಹಗುರವಾಗಿ ಇಡಿ. ನಿಮ್ಮ ಹೆಬ್ಬೆರಳು ಬಳಸಬೇಡಿ, ಅದರದ್ದೇ ನಾಡಿ ಸಿಗುತ್ತದೆ. ಎರಡನೆಯ ಜಾಗ ಒಳಗಣಕಾಲಿನ ಗುಬುಟಿನ ಹಿಂದೆ, ಗುಬುಟಿಗೂ ಹಿಮ್ಮಡಿಯ ಹಿಂದಿನ ದಪ್ಪ ಹುರಿಗೂ ನಡುವಿನ ತಗ್ಗಿನಲ್ಲಿ. ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲಿ ಹುಟ್ಟಿನಿಂದಲೇ ಸಿಗುವುದಿಲ್ಲ, ಗಾಬರಿ ಬೇಡ. ಎರಡೂ ಸಿಗದಿದ್ದರೆ, ಅಥವಾ ಒಂದು ಕಾಲಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಆಸ್ಪತ್ರೆಯಲ್ಲಿ ಮಾಡುವ ಮೊದಲ ಪರೀಕ್ಷೆ ಎಬಿಐ. ನೋವಿಲ್ಲ, ಸೂಜಿಯಿಲ್ಲ. ತೋಳಿಗೂ ಕಣಕಾಲಿಗೂ ಬಿ.ಪಿ. ಪಟ್ಟಿ ಕಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ, ಪೆನ್ನಿನಂಥ ಡಾಪ್ಲರ್ ಹಿಡಿದು ಬಿ.ಪಿ.ಯ ಮೇಲಿನ ಅಂಕಿ ಅಳೆಯುತ್ತಾರೆ. ಕಣಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಬೇಕು. ತೋಳು 140, ಕಣಕಾಲು 98 ಆದರೆ 0.70. 1.00ರಿಂದ 1.40ರವರೆಗೆ ಸರಿ, 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಧಮನಿಯಲ್ಲಿ ತಡೆ ಇದೆ. ಒಂದು ಮೋಸದ ಅಂಕಿಯ ಬಗ್ಗೆ ಎಚ್ಚರವಿರಲಿ. ಬಹುಕಾಲ ಶುಗರ್ ಇದ್ದವರ ಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿ ಅದು ಪೈಪಿನಂತೆ ಗಟ್ಟಿಯಾಗಿರುತ್ತದೆ, ಪಟ್ಟಿ ಎಷ್ಟು ಒತ್ತಿದರೂ ಮುಚ್ಚುವುದಿಲ್ಲ. ಆಗ ತೋಳಿನಲ್ಲಿ ಅದೇ 140 ಇದ್ದರೂ ಕಣಕಾಲಿನಲ್ಲಿ 220 ಬಂದು ಲೆಕ್ಕ 1.57 ಆಗುತ್ತದೆ. 1.40 ದಾಟಿದ ಅಂಕಿ ನೋಡಿ "ತುಂಬಾ ಚೆನ್ನಾಗಿದೆ" ಎಂದು ಮನೆಗೆ ಹೋಗಬಾರದು. ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಿಸಬೇಕು. ಅದನ್ನು ತೋಳಿನ ಅಂಕಿಯಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ತೊಂದರೆ.

ಚಿಕಿತ್ಸೆ ಎಂದರೆ ಶಸ್ತ್ರಕ್ರಿಯೆಯೇ ಎಂದು ಹೆದರಿ ದೂರ ಉಳಿಯುವವರು ಬಹಳ. ಮೊದಲ ಮದ್ದು ತಂಬಾಕು ಬಿಡುವುದು ಮತ್ತು ನಡೆಯುವುದು. ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ನಡೆದು, ನಿಂತು, ಬಿಟ್ಟ ಮೇಲೆ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಕನಿಷ್ಠ 12 ವಾರ. ತಡೆ ಕರಗುವುದಿಲ್ಲ, ಆದರೆ ಮಾಂಸಖಂಡ ಕಡಿಮೆ ರಕ್ತದಲ್ಲಿ ಹೆಚ್ಚು ದುಡಿಯಲು ಕಲಿಯುತ್ತದೆ, ನಡೆಯುವ ದೂರ ಹೆಚ್ಚುತ್ತದೆ. ಪಾದದಲ್ಲಿ ಹುಣ್ಣಿದ್ದರೆ ಅಥವಾ ಮಲಗಿದಾಗಲೂ ನೋವಿದ್ದರೆ ಈ ನಡಿಗೆ ಬೇಡ, ಅವರಿಗೆ ನಾಳದ ಶಸ್ತ್ರವೈದ್ಯರನ್ನು ಕಾಣುವುದೇ ಮೊದಲ ಹೆಜ್ಜೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡುವುದು ಕಾಲಿಗಾಗಿ ಮಾತ್ರವಲ್ಲ. ಕಾಲಿನಲ್ಲಿ ತಡೆ ಇರುವವರಿಗೆ ಹೃದಯಾಘಾತದ ಅಪಾಯವೂ ಹೆಚ್ಚು. ಔಷಧದಂಗಡಿಯಲ್ಲಿ ಸಿಗುವ ಬಿಗಿ ಕಂಪ್ರೆಷನ್ ಸಾಕ್ಸ್ ಉಬ್ಬಿದ ಸಿರೆಗೆ ಒಳ್ಳೆಯದು. ಧಮನಿಯಲ್ಲಿ ತಡೆ ಇರುವ ಕಾಲಿಗೆ ಅದನ್ನು ಹಾಕಿದರೆ ಉಳಿದ ಹರಿವನ್ನೂ ಹಿಂಡಿಬಿಡುತ್ತದೆ. ಎಬಿಐ ನೋಡದೆ ಅದನ್ನು ಕೊಳ್ಳಬೇಡಿ.

ನಲವತ್ತೈದರೊಳಗಿನ, ಬೀಡಿ ಸಿಗರೇಟು ಸೇದುವ ಗಂಡಸರ ಬೆರಳು ನೀಲಿಗಟ್ಟಿ ತುದಿಯಲ್ಲಿ ಹುಣ್ಣಾದರೆ ಬೇರೆಯೇ ಕಾಯಿಲೆ ಇರಬಹುದು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ಈ ಕಾಯಿಲೆಯಲ್ಲಿ ಸಣ್ಣ ಮತ್ತು ನಡುಗಾತ್ರದ ನಾಳಗಳು ಉರಿಯೂತದಿಂದ ಮುಚ್ಚುತ್ತವೆ. ಇದನ್ನು ನಿಲ್ಲಿಸುವ ಉಪಾಯ ಒಂದೇ, ತಂಬಾಕನ್ನು ಸಂಪೂರ್ಣ ಬಿಡುವುದು. ದಿನಕ್ಕೆ ಒಂದೆರಡು ಸೇದಿದರೂ, ಜಗಿದರೂ ಕಾಯಿಲೆ ಮುಂದುವರಿಯುತ್ತದೆ. ಕಡಿಮೆ ಮಾಡಿದ್ದೇನೆ ಎಂಬ ಸಮಾಧಾನಕ್ಕೆ ಇಲ್ಲಿ ಬೆರಳೇ ಬೆಲೆ.

ನರ ಹೇಳುವ ಸುಳ್ಳು

ಮೊದಲ ಪರೀಕ್ಷೆಯಲ್ಲಿ ಅವರಿಗೆ ತಣ್ಣಗೆ, ನಿಮಗೆ ಬೆಚ್ಚಗೆ ಎಂದು ಬಂದವರ ಕಡೆ ಬರೋಣ. ಶುಗರ್ ಹೆಚ್ಚಾಗಿದ್ದು ವರ್ಷಗಳು ಕಳೆದರೆ ಅತಿ ಉದ್ದದ ನರಗಳು, ಅಂದರೆ ಪಾದದ ನರಗಳು ಮೊದಲು ಕೆಡುತ್ತವೆ. ಕೆಟ್ಟ ನರ ಇಲ್ಲದ ತಂಪನ್ನು, ಇಲ್ಲದ ಉರಿಯನ್ನು ಮಿದುಳಿಗೆ ಕಳಿಸುತ್ತದೆ. ಜುಮುಜುಮು, ಹತ್ತಿಯ ಮೇಲೆ ನಡೆದಂಥ ಅನುಭವ, ರಾತ್ರಿ ಹೆಚ್ಚಾಗುವ ಉರಿ ಇದರ ಗುರುತು. ನಾಳಗಳನ್ನು ಬಿಗಿಮಾಡುವ ನರವೂ ಕೆಟ್ಟಿರುವುದರಿಂದ ಮೊದಲು ಹೇಳಿದ ಅಡ್ಡದಾರಿಗಳು ತೆರೆದೇ ಉಳಿಯುತ್ತವೆ, ಪಾದ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ವಿಟಮಿನ್ ಬಿ12 ಕೊರತೆಯೂ ಹೀಗೇ ಮಾಡಬಲ್ಲದು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಮತ್ತು ವರ್ಷಗಟ್ಟಲೆ ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಕೊರತೆ ಕಾಣುತ್ತದೆ, ಪರೀಕ್ಷಿಸಿ ನೋಡಬೇಕು.

ತಂಪು ಅನ್ನಿಸುತ್ತಿದೆ ಎಂದು ಈ ಪಾದಕ್ಕೆ ಹಾಟ್ ವಾಟರ್ ಬ್ಯಾಗ್ ಇಡುವುದೇ ಚಳಿಗಾಲದ ಅತಿ ದೊಡ್ಡ ಅನಾಹುತ. ಇದನ್ನು ಅಂಕಿಗಳಲ್ಲಿ ನೋಡಿ. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡುತ್ತದೆ. 44 ಡಿಗ್ರಿ, ಅಂದರೆ ಕೈಗೆ "ಹದವಾದ ಬಿಸಿ" ಅನ್ನಿಸುವ ಮಟ್ಟ, ಆರು ಗಂಟೆ ಒಂದೇ ಕಡೆ ತಾಗಿಕೊಂಡಿದ್ದರೂ ಸುಡುತ್ತದೆ. ಸಂವೇದನೆ ಇರುವವರು ಬಿಸಿಯಾದರೆ ನಿದ್ದೆಯಲ್ಲೂ ಕಾಲು ಎಳೆದುಕೊಳ್ಳುತ್ತಾರೆ. ನರ ಕೆಟ್ಟವರು ಎಳೆದುಕೊಳ್ಳುವುದಿಲ್ಲ. ಬೆಳಿಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ಬೊಬ್ಬೆ. ಧಮನಿಯಲ್ಲೂ ತಡೆ ಇದ್ದರೆ ಇನ್ನೂ ಕಷ್ಟ: ಸಾಮಾನ್ಯವಾಗಿ ಹೆಚ್ಚಾದ ಬಿಸಿಯನ್ನು ರಕ್ತ ಹೊತ್ತೊಯ್ಯುತ್ತದೆ, ಇಲ್ಲಿ ಒಯ್ಯುವವರಿಲ್ಲ. ಬಿಸಿಯಾದ ಅಂಗಾಂಶ ಹೆಚ್ಚು ಆಮ್ಲಜನಕ ಕೇಳುತ್ತದೆ, ಕೊಡುವವರೂ ಇಲ್ಲ. ಸುಟ್ಟ ಗಾಯ ಮಾಯದೆ ಕೊಳೆಯತೊಡಗುತ್ತದೆ. ಹೀಟಿಂಗ್ ಪ್ಯಾಡ್, ಕೆಂಡದ ಮುಂದೆ ಕಾಲು ಚಾಚುವುದು, ಬಚ್ಚಲ ಹಂಡೆಯ ಬಿಸಿನೀರು ನೇರ ಕಾಲ ಮೇಲೆ ಸುರಿಯುವುದು ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂಥವರಿಗೆ ಸಡಿಲ ಉಣ್ಣೆ ಸಾಕ್ಸ್, ಮೇಲೆ ಕಂಬಳಿ, ಇಷ್ಟೇ ಬಿಸಿ. ಹಾಸಿಗೆ ಬೆಚ್ಚಗಾಗಬೇಕೆಂದರೆ ಮಲಗುವ ಮುಂಚೆ ಬ್ಯಾಗ್ ಇಟ್ಟು, ಅವರು ಮಲಗುವಾಗ ತೆಗೆದುಬಿಡಿ. ಸ್ನಾನದ ನೀರನ್ನು ಮನೆಯ ಬೇರೊಬ್ಬರು ಮೊಣಕೈಯಿಂದ ನೋಡಿ ಕೊಡಲಿ.

ಸಂವೇದನೆ ಉಳಿದಿದೆಯೇ ಎಂದು ತಿಳಿಯಲು ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಸರಳ ಪರೀಕ್ಷೆಯೊಂದಿದೆ, ಯಾವ ಉಪಕರಣವೂ ಬೇಡ. ಅವರು ಕಣ್ಣು ಮುಚ್ಚಿ ಮಲಗಲಿ. ಪ್ರತಿ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಗರಿ ತಾಕಿದಂತೆ ಮುಟ್ಟಿ. ಒತ್ತಬೇಡಿ, ಸವರಬೇಡಿ, "ಈಗ ಮುಟ್ಟುತ್ತೇನೆ" ಎಂದು ಹೇಳಬೇಡಿ. ಮುಟ್ಟಿದ್ದು ಗೊತ್ತಾದಾಗ ಬಲ, ಎಡ ಎಂದು ಅವರೇ ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಸಂವೇದನೆ ಕುಂದಿದೆ. ಕ್ಲಿನಿಕ್ಕಿನಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಖಚಿತಪಡಿಸಿಕೊಳ್ಳಬೇಕು. ಅಂಥವರ ಪಾದವನ್ನು ದಿನಾ ರಾತ್ರಿ ಬೆಳಕಿನಲ್ಲಿ ನೋಡಬೇಕು, ಬೆರಳ ಸಂದು ಬಿಡಿಸಿ, ಅಂಗಾಲಿಗೆ ಕನ್ನಡಿ ಹಿಡಿದು. ಚಳಿಗಾಲದ ಹಿಮ್ಮಡಿ ಬಿರುಕು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಎರಡೂ ಹುಣ್ಣಿಗೆ ಬಾಗಿಲು.

ಕೈಗೂ ತಣ್ಣಗೆ ಸಿಗುವ, ಎರಡೂ ಕಾಲು ಸಮನಾಗಿರುವ ಪಾದ ಬೇಸಿಗೆಯಲ್ಲೂ ಹಾಗೇ ಇದ್ದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ನೋಡಿಸಿ. ಬಿ.ಪಿ.ಗೂ ಎದೆಬಡಿತಕ್ಕೂ ಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್ ಮಾತ್ರೆಗಳು, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಶೀತದ ಮಾತ್ರೆಗಳು ಕೈಕಾಲು ತಣ್ಣಗಾಗಿಸುತ್ತವೆ. ಬಿ.ಪಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ. ಮದ್ಯ ಕುಡಿದರೆ ಚರ್ಮದ ನಾಳ ತೆರೆದು ಬೆಚ್ಚಗೆ ಅನ್ನಿಸುತ್ತದೆ ನಿಜ, ಆದರೆ ಒಳಮೈಯ ಬಿಸಿ ಆ ದಾರಿಯಲ್ಲೇ ಸೋರಿಹೋಗುತ್ತದೆ.

ಕಾಯಬಾರದ ಕಾಲು

ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು ಅಥವಾ ನೀಲಿ ಮಚ್ಚೆ ಮೂಡಿ, ತೀವ್ರ ನೋವು ಬಂದು, ಬೆರಳು ಆಡಿಸಲು ಆಗದೆ ಮರಗಟ್ಟುತ್ತ ಹೋದರೆ ಅದು ಚಳಿಯಲ್ಲ. ಹೃದಯದಲ್ಲಿ ಹುಟ್ಟಿದ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಬಂದು ಧಮನಿಯಲ್ಲಿ ಸಿಕ್ಕಿಕೊಂಡಿರಬಹುದು, ಎದೆಬಡಿತ ತಾಳ ತಪ್ಪಿದವರಲ್ಲಿ ಇದು ಹೆಚ್ಚು. ಕಾಲು ಉಳಿಸಲು ಇರುವ ಸಮಯ ಸುಮಾರು ಆರು ಗಂಟೆ. ತಿಕ್ಕಬೇಡಿ, ಬಿಸಿ ಇಡಬೇಡಿ, ದಿಂಬಿನ ಮೇಲೆ ಕಾಲು ಎತ್ತಿಡಬೇಡಿ. ಸಡಿಲವಾಗಿ ಬಟ್ಟೆ ಸುತ್ತಿ, ಮೈಮಟ್ಟಕ್ಕಿಂತ ತುಸು ಕೆಳಗಿರಿಸಿ, 108ಕ್ಕೆ ಕರೆ ಮಾಡಿ. ನೋವು ಶುರುವಾದ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.